ಇದು ನಿಮ್ಮದೇನ್ರಿ?

ಶಹಾಬಜಾರ ನಾಕಾದ ಮೂಲ್ಯಾಗ
ಚನ್ನಮಲ್ಲಪ್ಪ ಸಾಹುಕಾರ್ರ ಅಂಗಡಿ.
ಮೊದಲ ಗಾದಿ ಇತ್ತು, ಗಾದಿ ಮುಂದ ಗಲ್ಲಾ,
ಸಾಹುಕಾರ್ರ ತೊಡಿ ಬಲ್ಲಿ ಕೆಂಪು ರಟ್ಟಿನ ಉದ್ರಿ ವಹಿ.
ಈಗ ಗ್ಲಾಸಿನ ಬಾಗಿಲು, ಎರಡು ಕೌಂಟರು.
ಒಂದು ಕೆಟ್ಟದ. ಇನ್ನೊಂದಕ್ಕ ನಾನು.

ಒಂಬತ್ತು ತಾಸು ನಿಂತು ನಿಂತು
ಆ 'ಟೀಂಕ್' ನನ್ನ ಕಿವ್ಯಾಗ ಮನಿ ಮಾಡ್ಯದ.
ಮನ್ಯಾಗ ಅಡಗಿ ಮಾಡೋವಾಗೂ
ಕೈ ತಾನೇ ಡಬ್ಬಿ ತಿರುವಿ ಕರೀ ಗೆರಿ ಹುಡುಕ್ತದ.

ಮಿಷಿನ್ನಿಗೆ ಎಲ್ಲಾ ಗೊತ್ತದ.
ಎಣ್ಣಿ ರೇಟು ಏರಿದ್ದು ನನಗಿಂತ ಮೊದಲ ಗೊತ್ತದ.
ಬಿಲ್ಲಿನ್ಯಾಗ ಕೂತಿದ್ದು ಹೊಳ್ಳಿ ಎಬ್ಬಿಸೋದಷ್ಟೇ
ಅದಕ್ಕ ಬರಂಗಿಲ್ಲ.
ಅದಕ್ಕ ಕೀಲಿ ಬೇಕು.
ಕೀಲಿ ಸೈಬಣ್ಣನ ಕೊರಳಾಗ,
ಸೈಬಣ್ಣ ಗೋದಾಮಿನ್ಯಾಗ.
ನಾ ಇಲ್ಲಿಂದ ಒದರಬೇಕು:
"ಸೈಬಣ್ಣಾ, ಬಾ, ಒಂದು ಐಟಂ ಕಟ್!"
ಆವಾಗ ಸಾಲಿನ ಮಂದಿಯೆಲ್ಲಾ
ಮೊಬೈಲ್ ಬಿಟ್ಟು ತಲಿ ಎತ್ತಿ
ಏನು ಕಟ್ ಆಯ್ತು ಅಂತ ನೋಡ್ತಾರ.

ಗೋಡಂಬಿ ಪಾಕೀಟು.
ಪಿಂಕ್ ಬಣ್ಣದ ಟಿಫಿನ್ ಡಬ್ಬಿ.
ಒಬ್ಬಾಕಿ ಅಂದಳು, "ಅಯ್ಯ, ಮನ್ಯಾಗ ಇದ್ದೇ ಅದ, ಮರ್ತಿದ್ದೆ."
ಆಕೀಗಿ ಯಾರೂ ಕೇಳಿದ್ದಿಲ್ಲ.

ಅದಕ್ಕ ನಾ ಒಂದು ಕಲ್ತೀನಿ.
ಸಾಲಿನ್ಯಾಗ ನಿಂತಾಗಲೇ ಕೈ ನೋಡ್ತೀನಿ.
ನೋಟು ನಾಕು ಮಡಿಕಿ ಮಾಡಿ ಮುಟಗ್ಯಾಗ ಹಿಡಿದವರು,
ಹೆಜ್ಜಿಗೊಮ್ಮೆ ತುಟಿ ಅಲ್ಲಾಡಿಸೋರು,
ಅವರ ಬುಟ್ಟಿಯಾಗಿಂದ ಅಕ್ಕಿ ಮೊದಲು,
ಆಮ್ಯಾಲ ಬ್ಯಾಳಿ, ಖಾರದ ಪುಡಿ, ಸಾಬಾಣ.
ಆಸಿಗೆ ತಗೊಂಡಿದ್ದು ಕಡೀಕ.
ಸ್ಕ್ರೀನಿನ ಮಾರಿ ಅವರ ಕಡಿ ತಿರುವಿರ್ತೀನಿ.
ಅಂಕಿ ನೋಟಿನ ಬಲ್ಲಿ ಬಂತೋ,
ಕೈಯಾಗಿನ ಸಾಮಾನು ಎತ್ತಿ ಹಿಡಿದು ಕೇಳ್ತೀನಿ:
"ಇದು ನಿಮ್ಮದೇನ್ರಿ?
ಮೊದಲಿನವರು ಬಿಟ್ಟು ಹೋಗ್ಯಾರೇನು?"

"ನಮ್ಮದಲ್ರಿ," ಅಂತಾರ.
ಕೆಂಪು ಬೆಳಕಿಗೆ ಅದನ್ನ ಹಿಡಿಯಂಗಿಲ್ಲ ನಾನು.
ಸೈಬಣ್ಣ ಗೋದಾಮಿನ್ಯಾಗ ಆರಾಮ ಬೀಡಿ ಸೇದ್ತಾನ.

ರಾತ್ರಿ ಶೆಟರ್ ಅರ್ಧ ಎಳದ ಮ್ಯಾಲ
ನನ್ನ ಕಾಲಬುಡದ ಕ್ರೇಟಿನ್ಯಾಗ
ಯಾರದೂ ಅಲ್ಲದ್ದು ತುಂಬಿರ್ತದ.
ಒಂದೊಂದೇ ಒಯ್ದು ಅದರದರ ಜಾಗಾಕ್ಕ ಇಡ್ತೀನಿ.

ಖಾಜಾಬಿ ಬರೋದು ಬುಧವಾರ,
ದಾಲ್ ಮಿಲ್ಲಿನ ಪಗಾರ ಆದ ದಿನ.
ಹುಬ್ಬಿನ ಮ್ಯಾಲ ಇನ್ನಾ ತೊಗರಿ ಹೊಟ್ಟು ಇರ್ತದ.
ಕಡೀಕ ಬಾದಾಮಿ ಎಣ್ಣಿ ಬಾಟ್ಲಿ, ಸಣ್ಣದು.
"ನಂದಲ್ಲ ಬೇಟಿ," ಫ್ಯಾನ್ ನೋಡ್ಕೋತ ಅಂತಾಳ.
ಏಳು ಬುಧವಾರ ಅದೇ ಬಾಟ್ಲಿ.
ಮುಚ್ಚಳಾ ಒಂದು ಕಡಿ ನೆಗ್ಗಿತ್ತು, ಗುರ್ತು ಸಿಗ್ತಿತ್ತು.
ಮಂಗಳವಾರ ರಾತ್ರಿ ನಾನೇ ಅದನ್ನ
ಉಳಿದ ಬಾಟ್ಲಿ ಹಿಂದ ಸರಿಸಿ ಇಡ್ತಿದ್ದೆ.

ಎಂಟನೇ ವಾರ, ಸಂಜಿ ಆರೂವರಿ,
ಹೊರಗ ಡಾಂಬರ ಇನ್ನಾ ಕಾದಿತ್ತು, ಕರೆಂಟ್ ಹೋಯ್ತು.
ಯುಪಿಎಸ್ ನಾಯಿಮರಿ ಹಂಗ ಕುಂಯ್‌ಗುಟ್ಟಿ ಸತ್ತಿತು.
'ಇಷ್ಟು ರೂಪಾಯಿ ಬಂತು' ಅಂತ ಕೂಗೋ ಡಬ್ಬಿ ಮೂಕಾತು.
ಸಾಹುಕಾರ್ರು ಕಿವಿ ಮ್ಯಾಲಿನ ಪೆನ್ಸಿಲ್ ತಗದು
ಬಿಸ್ಕೀಟಿನ ರಟ್ಟು ಹರಿದು
ನನ್ನ ಮಗ್ಗಲಿಗೆ ಬಂದು ನಿಂತರು,
ವಯಸ್ಸು ಹತ್ತು ವರ್ಷ ಇಳಿದವರಂಗ.

ಸಾಲಿನ್ಯಾಗ ಖಾಜಾಬಿ ಮೂರನೇದಾಕಿ.
ಮೊಬೈಲ್ ಬ್ಯಾಟರಿ ಬೆಳಕಿನ್ಯಾಗ ಬಾಟ್ಲಿ ಎತ್ತಿದೆ.
ರೂಢಿ ಬಾಯಿ, ಕೇಳೇಬಿಟ್ಟಿತು:
"ಇದು ನಿಮ್ಮದೇನ್ರಿ?"

ಖಾಜಾಬಿ ನಕ್ಕಳು.
"ನಂದೇ ಅದ ಬೇಟಿ.
ಏಳು ವಾರದಿಂದ ನಂದೇ ಅದ.
ನೀ ಛಂದ ಕೇಳ್ತಿದ್ದಿ,
ಅದಕ್ಕ ಅಲ್ಲ ಅಂತಿದ್ದೆ."

ಸೆರಗಿನ ಗಂಟು ಬಿಚ್ಚಿದಳು.
ಬಿಸಿ ಇದ್ದವು ರೊಕ್ಕ.
ಎಣಿಸಿದರ ಮೂರು ರೂಪಾಯಿ ಕಮ್ಮಿ.
ನನ್ನ ಕೈ ಅಲ್ಲೇ ನಿಂತಿತು.
ಸಾಹುಕಾರ್ರು ತಲಿ ಎತ್ತಲಿಲ್ಲ,
ರಟ್ಟಿನ ಅಂಚಿಗೆ ಬರದ್ರು:
ಖಾ. ೩.
"ಮುಂದ ಯಾರ್ರೀ?" ಅಂದ್ರು.

ಕರೆಂಟ್ ಬಂದ ಮ್ಯಾಲ
ರಟ್ಟು ನೋಡಿ ನೋಡಿ ಎಲ್ಲಾ ಮಿಷಿನ್ನಿಗೆ ಹೊಡದೆ.
ಟೀಂಕ್, ಟೀಂಕ್.
ಆ ಮೂರು ರೂಪಾಯಿಗೆ
ಯಾವ ಗುಂಡಿ ಒತ್ತಬೇಕು
ಅನ್ನೋದು ಸೈಬಣ್ಣಗೂ ಗೊತ್ತಿರಲಿಲ್ಲ.